ಹೊನ್ನಪ್ಪನವರ ಹೆಸರು ಮೊದಲು

ಒಂಬತ್ತು. ಹನ್ನೆರಡು ವರ್ಷ ಗಾಳಿ ಅಳೆದ ನನ್ನ ಬೆಲೆ ಇಷ್ಟು ಎಂದು ಗ್ರಂಥಾಲಯದ ಕೃಷ್ಣವೇಣಿ ಚೀಟಿಯಲ್ಲಿ ಬರೆದುಕೊಟ್ಟಳು. ಪಾಪ, ಅವಳದೇನು ತಪ್ಪು? ಆ ವರ್ಷ, ಎಂಬತ್ತಾರರಲ್ಲಿ, ನಾಗಪುರದ ನಮ್ಮ ಸಂಸ್ಥೆಯ ಬಡ್ತಿ ಸಮಿತಿಗೆ ಹೊಸ ಹುಚ್ಚು ಹಿಡಿದಿತ್ತು. ಯಾವ ವಿಜ್ಞಾನಿಯ ಲೇಖನವನ್ನು ಹೊರಗಿನವರು ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಎಣಿಸಿ ತರಬೇಕಂತೆ. ಎಣಿಸುವುದು ಸೈಟೇಶನ್ ಇಂಡೆಕ್ಸ್ ಎಂಬ ದಪ್ಪ ಸಂಪುಟಗಳಲ್ಲಿ. ಅಲ್ಲಿ ಲೇಖನ ಎಷ್ಟು ಜನರದ್ದಾದರೂ ಸರಿ, ಉಲ್ಲೇಖ ಸೇರುವುದು ಮೊದಲ ಹೆಸರಿನ ಕೆಳಗೆ ಮಾತ್ರ.

ನನ್ನ ಒಳ್ಳೆಯ ಲೇಖನಗಳಲ್ಲಿ ಮೊದಲ ಹೆಸರು ದೇಚಮ್ಮ ಎಂಬ ನನ್ನದಲ್ಲ, ಹೊನ್ನಪ್ಪನವರದು. ಅವರ ಹೆಸರಿನ ಕೆಳಗೆ ನೂರ ನಲವತ್ತಮೂರು ಇತ್ತು.

ಹೊನ್ನಪ್ಪನವರು ಗದಗದ ಕಡೆಯವರು, ಓದಿದ್ದು ಮೆಟ್ರಿಕ್. ವಾಯುಪಡೆಯ ಹವಾಮಾನ ವಿಭಾಗದಲ್ಲಿ ಬಲೂನು ಹಾರಿಸಿ, ಪೆನ್ಷನ್ ಬಂದ ಮೇಲೆ ನಾಗಪುರದ ಪಕ್ಕದ ಕಾಮ್ಟಿಯಲ್ಲೇ ಮನೆ ಮಾಡಿ, ನಮ್ಮಲ್ಲಿ ವೀಕ್ಷಕರಾಗಿ ಸೇರಿದವರು. ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಕನ್ಹಾನ್ ನದಿಯ ದಂಡೆಯಲ್ಲಿ ಬಲೂನು ಬಿಟ್ಟು, ದುರ್ಬೀನಿಗೆ ಕಣ್ಣಿಟ್ಟು, ಅದು ಹೋದ ದಿಕ್ಕನ್ನು ಅರ್ಧ ನಿಮಿಷಕ್ಕೊಮ್ಮೆ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ನಾನು ಆಫೀಸಿನಲ್ಲಿ ಹೀಟರ್ ಪಕ್ಕ ಕೂತು ಅದನ್ನು ತಿದ್ದುತ್ತಿದ್ದೆ. ಡಾಕ್ಟರೇಟ್ ಮಾಡಿದವಳಲ್ಲವೇ!

ಅವರ ಮೊದಲ ನಿಮಿಷದ ಅಂಕಿಗಳು ದಿನವೂ ವಿಚಿತ್ರ. ಬಲೂನು ಮೊದಲು ನದಿಯ ಕಡೆ ಹೋಗಿ, ಆಮೇಲೆ ಬೆನ್ನು ತಿರುಗಿಸಿ ಎದುರು ದಿಕ್ಕಿಗೆ ಓಡುತ್ತಿತ್ತು. ಮುದುಕರ ಕಣ್ಣು ಮಂಜಾಗಿದೆ ಎಂದುಕೊಂಡೆ. ಇಪ್ಪತ್ತೆರಡು ದಿನ ಆ ಅಂಕಿಗಳ ಮೇಲೆಲ್ಲ ಕೆಂಪು ಗೆರೆ ಎಳೆದು, ತಪ್ಪು ಎಂದು ಬರೆದೆ. ಇಪ್ಪತ್ತಮೂರನೆಯ ದಿನ ಅವರು ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಆಫೀಸಿಗೇ ಬಂದರು.

"ಬಾಯಾರ, ನನ್ನ ಕಣ್ಣು ಬರೋಬರ್ ಅದಾವ. ಒಂದ್ ಮುಂಜಾನಿ ನೀವ ಬಂದ್ ನೋಡ್ರಿ."

ಹೋದೆ. ಇಟ್ಟಿಗೆ ಭಟ್ಟಿಗಳ ಹೊಗೆ ಮೇಲೇರದೆ, ನೆಲಕ್ಕೆ ಅಂಟಿಕೊಂಡು ನದಿಯತ್ತ, ಅಲ್ಲಿದ್ದ ಗುಡಿಸಲುಗಳತ್ತ ಹರಿಯುತ್ತಿತ್ತು. ತುಸು ಮೇಲೆ ಬಲೂನು ತಿರುಗಿ ಬೇರೆ ದಾರಿ ಹಿಡಿಯಿತು.

"ತಳಗಿನ ಗಾಳಿ ಒಂದ್ ಕಡೆ, ಮ್ಯಾಲಿಂದು ಒಂದ್ ಕಡೆ. ನಮ್ಮ ಆಫೀಸ್ ಇದ್ದಂಗ," ಎಂದರು ಹೊನ್ನಪ್ಪನವರು.

ಯಾರೂ ಗುರುತಿಸದ ಸಂಗತಿ ಅದು. ಗಣಿತ ನನ್ನದು, ಕಂಡದ್ದು ಅವರು. ಅದಕ್ಕೇ ಅವರ ಹೆಸರು ಮೊದಲು ಹಾಕಿದೆ. ಕೆನಡಾದಿಂದ, ಜಪಾನಿನಿಂದ 'ಪ್ರೊಫೆಸರ್ ಹೊನ್ನಪ್ಪ' ಎಂದು ಕಾಗದಗಳು ಬರತೊಡಗಿದವು. ಅವರು ನನ್ನಿಂದ ಓದಿಸಿ, ಹೊಟ್ಟೆ ಹಿಡಿದು ನಕ್ಕು, ಮಡಿಸಿ ಟ್ರಂಕಿನಲ್ಲಿಡುತ್ತಿದ್ದರು.

ಬಡ್ತಿಗೆ ಇದು ನನ್ನ ಮೂರನೆಯ ಸರದಿ, ಕಡೆಯದು ಕೂಡ. ತಪ್ಪಿದರೆ ನಿವೃತ್ತಿಯವರೆಗೂ ಇದೇ ಕುರ್ಚಿ, ನಾನೇ ಕೆಲಸ ಕಲಿಸಿದ ಹುಡುಗರು ನನ್ನ ಮೇಲಧಿಕಾರಿಗಳು. ದಿಲ್ಲಿಯಿಂದ ಬಂದ ಅಧ್ಯಕ್ಷರು ಮೊದಲ ದಿನ ಬೆಣ್ಣೆಯಂಥ ಮಾತಾಡಿದರು.

"ಒಂದು ಪತ್ರ ತಂದುಬಿಡಿ. ಹೊನ್ನಪ್ಪ ಬರೀ ಸಹಾಯಕ, ಸೌಜನ್ಯಕ್ಕೆ ಹೆಸರು ಹಾಕಿದ್ದು ಅಂತ. ಆ ನೂರ ನಲವತ್ತಮೂರೂ ನಿಮ್ಮದೇ ಆಗುತ್ತೆ. ನಾಳೆಯವರೆಗೆ ಸಮಯ ಇದೆ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಮನೆಗೆ ಹೋಗಿ ಕಾಗದ ತೆಗೆದು 'ಮಾನ್ಯರೇ' ಎಂದು ಬರೆದೆ. ಮುಂದೆ ಕೈ ಓಡಲಿಲ್ಲ.

ಮರುದಿನ ಬೆಳಿಗ್ಗೆ ಸಮಿತಿಯ ಬಾಗಿಲಲ್ಲಿ ಹೊನ್ನಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ಅಧ್ಯಕ್ಷರ ಮಾತು ಸಂಜೆಯೇ ಅವರ ಕಿವಿಗೂ ಬಿದ್ದಿತ್ತು. ಕೈಯಲ್ಲಿ ಗಾಂಧಿಬಾಗ್ ಪೇಟೆಯ ಟೈಪಿಸ್ಟನಿಂದ ಟೈಪು ಮಾಡಿಸಿದ ಪತ್ರ. ಬಲೂನು ಬಿಟ್ಟದ್ದಷ್ಟೇ ತಾನು, ಏನೂ ಕಂಡುಹಿಡಿದಿಲ್ಲ, ಮೇಡಂ ದಯೆಯಿಂದ ಹೆಸರು ಹಾಕಿದರು. ಕೆಳಗೆ ಅವರ ಸಹಿ.

"ತಗೋರಿ ಬಾಯಾರ. ನನಗ ಮುಂದಿನ ವರ್ಷ ರಿಟೈರು. ಪ್ರೊಫೆಸರ್ ಆಗಿ ನಾ ಏನ್ ಮಾಡ್ಲಿ? ನೀವರ ಮ್ಯಾಲ ಹೋಗ್ರಿ."

"ಇದು ಸುಳ್ಳಲ್ವಾ, ಹೊನ್ನಪ್ಪನವರೇ?"

"ಸುಳ್ಳ ಐತಿ," ಎಂದರು. "ಸಣ್ಣದು."

ಮೈಯೆಲ್ಲ ಉರಿಯಿತು. ಈ ಮನುಷ್ಯನಿಂದ ಇಂಥ ಸಹಿ ಮಾಡಿಸಿದವರ ಮೇಲೆ, 'ಮಾನ್ಯರೇ' ಎಂದು ಬರೆದ ನನ್ನ ಮೇಲೂ. ಪತ್ರ ಕಿತ್ತುಕೊಂಡು, ನನ್ನ ಕೋಣೆಯ ಬೀರುವಿನಿಂದ ಎಪ್ಪತ್ತೊಂಬತ್ತರ ರಿಜಿಸ್ಟರ್ ತೆಗೆದುಕೊಂಡು ಒಳಗೆ ನುಗ್ಗಿ, ಅಧ್ಯಕ್ಷರ ಚಹಾ ಕಪ್ಪನ್ನು ಪಕ್ಕಕ್ಕೆ ಸರಿಸಿ, ಅವರೆದುರು ಬಿಡಿಸಿಟ್ಟೆ.

"ಈ ಕೆಂಪು ಗೆರೆಗಳು ನನ್ನವು ಸರ್. ಗೆರೆಯ ಕೆಳಗಿರೋ ಅಂಕಿಗಳು ಹೊನ್ನಪ್ಪನವರದು. ಇವತ್ತು ಜಗತ್ತು ಉಲ್ಲೇಖ ಮಾಡ್ತಿರೋದು ನಾನು ಹೊಡೆದು ಹಾಕಿದ್ದನ್ನ. ಸಹಾಯಕ ಯಾರು ಅಂತ ನೀವೇ ಹೇಳಿ."

ಅಧ್ಯಕ್ಷರು ಪುಟ ತಿರುವಿದರು. ಇನ್ನೊಂದು ತಿರುವಿದರು. ಕೆಂಪು, ಮತ್ತೆ ಕೆಂಪು.

"ಭಾವುಕರಾಗಬೇಡಿ ಡಾಕ್ಟರ್. ಪತ್ರ ತಂದಿದ್ದೀರಾ, ಇಲ್ಲವಾ?"

"ತಂದಿದ್ದೇನೆ."

ಮೇಜಿನ ಮೇಲೆ ಅವರದೇ ಕೆಂಪು ಪೆನ್ಸಿಲ್ ಇತ್ತು. ಅದನ್ನೆತ್ತಿ ಹೊನ್ನಪ್ಪನವರ ಪತ್ರದ ಒಂದೊಂದು ಸಾಲಿನ ಮೇಲೂ ಗೆರೆ ಎಳೆದೆ. ಸಹಿಯೊಂದನ್ನು ಬಿಟ್ಟೆ. ಅಂಚಿನಲ್ಲಿ ತಪ್ಪು ಎಂದು ಬರೆದು ಅಧ್ಯಕ್ಷರ ಕೈಗೆ ಕೊಟ್ಟೆ.

"ಸರಿಯಾದ ಕಡೆ ಎಳೆಯೋ ಗೆರೆ ಏಳು ವರ್ಷದಿಂದ ಬಾಕಿ ಇತ್ತು. ಈಗ ನನ್ನ ಒಂಬತ್ತನ್ನ ಒಂಬತ್ತು ಅಂತಲೇ ಬರಕೊಳ್ಳಿ."

ಹೊರಗೆ ಹೊನ್ನಪ್ಪನವರು ಎದ್ದು ನಿಂತರು.

"ಏನಾತ್ರಿ?"

"ಒಂಬತ್ತೇ."

"ಹುಚ್ಚು ಹಿಡದೈತೇನ್ರಿ ನಿಮಗ?" ಏಳು ವರ್ಷದಲ್ಲಿ ಮೊದಲ ಸಲ ನನ್ನನ್ನು ಬೈದರು. ಬೈಯುತ್ತಲೇ ಗೋಡೆಯ ಕಡೆ ತಿರುಗಿ, ಟೋಪಿಯಿಂದ ಕಣ್ಣೊರೆಸಿಕೊಂಡರು.

"ಒರೆಸಿಕೊಳ್ಳಿ," ಎಂದೆ. "ನಾಳೆ ಬೆಳಿಗ್ಗೆ ಕನ್ಹಾನಿನಲ್ಲಿ ಆ ಕಣ್ಣು ಬೇಕು."