ಬರೆದವರು

ಅಂಬುಜಾಕ್ಷಿ ಮಂಚದ ಕೆಳಗಿನಿಂದ ತಗಡಿನ ಪೆಟ್ಟಿಗೆಯನ್ನು ಎಳೆಯುತ್ತಿದ್ದಳು. ಹೊರಗೆ ಕಾಶಿಯ ಹನುಮಾನ್ ಘಾಟಿನ ಓಣಿಯಲ್ಲಿ ಅವಳ ಗಂಡನಿಗೆ ಚಟ್ಟ ಕಟ್ಟುತ್ತಿದ್ದರು.

“ಈಗ ಅದೇನ್ರೀ ತೆಗೀತಿದೀರಿ?” ಹೊಸ್ತಿಲ ಬಳಿ ಕೂತಿದ್ದ ಪಕ್ಕದ ಮನೆಯ ನಂಜಮ್ಮ ಕೇಳಿದಳು. ಮಳೆಗಾಲದ ಪ್ರವಾಹ ಬಿಟ್ಟುಹೋದ ಮರಳು ಬಾಗಿಲ ಮೂಲೆಯಲ್ಲಿ ಇನ್ನೂ ಉಳಿದಿತ್ತು.

“ನನ್ನ ಸವತೀರನ್ನ. ಮೂರು ಜನ. ಯಜಮಾನರ ಜೊತೇಲೇ ಚಿತೆಗೆ ಹೋಗಲಿ.”

ಪೆಟ್ಟಿಗೆಯಲ್ಲಿದ್ದದ್ದು ಮೂರು ಇಂಗ್ಲಿಷ್ ಕಾಗದ. ಮೊದಲನೇ ಎಲಿಜಬೆತ್ ರಾಣಿಯ ಕಾಲದ ಮಂತ್ರಿಗಳ ರುಜು ಇದ್ದಂಥವು. ಮೈಸೂರಿನ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದ ಗಂಡ ವೆಂಕಟರಾಮಯ್ಯ ಅವನ್ನು ಲಂಡನ್ನಿನ ಅಂಗಡಿಯೊಂದರಿಂದ ಅಂಚೆಯಲ್ಲಿ ತರಿಸಿದ್ದರು.

“ಬದರಿಗೆ ಹೋಗೋಣ ಅಂದೆ, ಆ ದುಡ್ಡಿಗೆ ಮೊದಲನೇದು ಬಂತು. ರಾಮೇಶ್ವರ ಅಂದೆ, ಎರಡನೇದು ಬಂತು. ಆಮೇಲೆ ನಾನು ಬಾಯೇ ಬಿಡಲಿಲ್ಲ. ಆದರೂ ಮೂರನೇದು ಬಂತು.”

ನಂಜಮ್ಮ ಅಳುತ್ತಲೇ ನಕ್ಕಳು. “ನನ್ನ ಕಾಗದಾನೆಲ್ಲ ಅವರೇ ಬರೀತಿದ್ರು, ನಂದು ಬರೀ ಹೆಬ್ಬೆಟ್ಟು. ‘ಅಮ್ಮ, ನೀನು ಎದುರಿಗಿದ್ದಾಗ ಬೈತಿದ್ದೆ, ಕಾಗದದಲ್ಲಿ ಎಷ್ಟು ಚೆನ್ನಾಗಿ ಮಾತಾಡ್ತೀಯ’ ಅಂತ ಮಗಳು ಬರೆದಿದ್ದಳು.”

*

ಕಾಶಿಗೆ ಬಂದ ವರ್ಷ, ಒಂದು ಸಂಜೆ, ವೆಂಕಟರಾಮಯ್ಯ ಕಾಗದವೊಂದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಿದ್ದರು. ಅಕ್ಷರಗಳ ಮೇಲೆ ಏನೋ ಮಿನುಗಿತು.

“ಮರಳು ಕಣೇ. ಶಾಯಿ ಆರಲಿ ಅಂತ ಹಾಕ್ತಿದ್ರು. ಸುಮಾರು ನಾಲ್ಕು ನೂರು ವರ್ಷ ಆದರೂ ಬಿಟ್ಟಿಲ್ಲ.”

“ಮಂತ್ರಿ ಹಾಕಿದ್ದೋ?”

“ಮಂತ್ರಿ ಎಲ್ಲಿ ಹಾಕ್ತಾನೆ? ಕೆಳಗಿನ ರುಜು ಅಷ್ಟೇ ಅವನದು. ಮೇಲಿನದೆಲ್ಲ ಗುಮಾಸ್ತ ಬರೆದದ್ದು. ಅವನ ಹೆಸರು ಯಾರಿಗೂ ಗೊತ್ತಿಲ್ಲ.”

“ಮತ್ತೆ ಅಷ್ಟು ದುಡ್ಡು ಕೊಟ್ಟದ್ದು ಯಾರಿಗೆ?”

“ದುಡ್ಡು ರುಜುವಿಗೆ,” ಎಂದು ಅವರು ಕಾಗದ ಮಡಚಿದ್ದರು. “ನಮಸ್ಕಾರ ಗುಮಾಸ್ತನಿಗೆ.”

*

ಕನ್ನಡದ ಯಾತ್ರಿಕರ ಪುರೋಹಿತರಾದ ಭಟ್ಟರು ಕಂಕುಳಲ್ಲಿ ವಂಶಾವಳಿಯ ಉದ್ದನೆಯ ಕೆಂಪು ಪುಸ್ತಕ ಹಿಡಿದು ಬಂದರು. ಮಕ್ಕಳಿಲ್ಲದ ಮನೆ, ಕೊಳ್ಳಿ ಇಡುವವರೂ ಅವರೇ. ಸತ್ತವರ ಗೋತ್ರ, ತಂದೆ, ತಾತನ ಹೆಸರು ಪುಸ್ತಕದಲ್ಲಿತ್ತು.

“ಬಂದ ದಿನವೇ ಬರೆಸಿಕೊಂಡಿದ್ದೆ ತಾಯಿ. ಪೆನ್ನು ಕಸಕೊಂಡು ತಾವೇ ಬರೆದರು. ನೋಡಿ, ಮುತ್ತು ಪೋಣಿಸಿದ ಹಾಗಿದೆ.” ಪುಟದ ಕೆಳಗೆ ಬೆರಳಿಟ್ಟವರು ಅಲ್ಲೇ ನಿಂತರು. “ಅರೆ, ರುಜುನೇ ಮಾಡಿಲ್ಲವಲ್ಲ!”

ಅಂಬುಜಾಕ್ಷಿ ಬಗ್ಗಿ ನೋಡಿದಳು. ತಲೆಮಾರುಗಳ ಹೆಸರೆಲ್ಲ ತುಂಬಿ, ಕೊನೆಗೆ ಎರಡು ಬೆರಳಗಲ ಜಾಗ ಖಾಲಿ. ಕಚೇರಿಯಲ್ಲಿ ಸಾಹೇಬರ ರುಜುವಿಗೆಂದು ಅವರು ಬಿಡುತ್ತಿದ್ದಂಥ ಜಾಗ.

“ರುಜು ಇಲ್ಲದ ಪುಟ ನಮ್ಮಲ್ಲಿ ನಿಲ್ಲೋದಿಲ್ಲ. ನಾಳೆ ನನ್ನ ಮಗ ಪುಸ್ತಕ ನಕಲು ಮಾಡುವಾಗ ಬಿಟ್ಟುಬಿಡ್ತಾನೆ. ನೀವೇ ನಿಮ್ಮ ಹೆಸರು ಹಾಕಿ.”

“ಮಾಯಿ, ದೇರ್ ಹೋತ್ ಹೌ,” ಚಟ್ಟ ಹೊರುವವನು ಹೊತ್ತಾಯಿತೆಂದು ಓಣಿಯಿಂದ ಅವಸರಿಸಿದ. “ಆ ಕಾಗದಗಳನ್ನೂ ಚಟ್ಟದ ಮೇಲೆ ಇಡೋದೇನ್ರೀ?” ಎಂದಳು ನಂಜಮ್ಮ.

ಅಂಬುಜಾಕ್ಷಿ ಕಾಗದಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಪುಸ್ತಕವನ್ನು ಅದರ ಮೇಲೆ ಇಟ್ಟುಕೊಂಡು ಪೆನ್ನು ತೆಗೆದುಕೊಂಡಳು. ನಲವತ್ತು ವರ್ಷ ಒಮ್ಮೆಯೂ ಬಾಯಲ್ಲಿ ಹೇಳದ ಹೆಸರು. ಒಂದೊಂದೇ ಅಕ್ಷರ, ಸೊಟ್ಟಸೊಟ್ಟಗೆ ಬರೆದಳು: ‘ಬರೆದವರು, ವೆಂಕಟರಾಮಯ್ಯ.’

“ನಿಮ್ಮ ಹೆಸರು ಅಂದೆನಲ್ಲ ತಾಯಿ,” ಎಂದು ಭಟ್ಟರು ಪುಸ್ತಕ ಮುಚ್ಚಲು ಕೈ ಚಾಚಿದರು.

“ತಡೀರಿ, ಹಸಿ ಇದೆ.”

ಅವಳು ಬಾಗಿಲ ಮೂಲೆಗೆ ಬಗ್ಗಿ ಒಂದು ಚಿಟಿಕೆ ಒಣ ಮರಳು ತಂದು ಹೆಸರಿನ ಮೇಲೆ ಉದುರಿಸಿದಳು.