ಬಸ್ಬೂಸಾ ಪೊರೆ ಬಿಟ್ಟದ್ದು

ಕುವೈತಿನ ಅಹ್ಮದಿಯ ಕಂಪೆನಿ ಕ್ವಾರ್ಟರ್ಸಿನಲ್ಲಿ ಲತೀಶನ ಪಕ್ಕದ ಮನೆ ಈಜಿಪ್ಟಿನವರದು. ಅವರು ರಜೆಗೆ ಊರಿಗೆ ಹೊರಟ ದಿನ, ಅವರ ಮಗಳು ಹನಾನ್ ಒಂದು ಗಾಜಿನ ಪೆಟ್ಟಿಗೆಯನ್ನು ತಂದು ಲತೀಶನ ಹಾಲ್‌ನಲ್ಲಿ ಇಟ್ಟುಹೋದಳು. ಒಳಗೆ ಕಂದು ಬಣ್ಣದ ದಪ್ಪ ಹಾವೊಂದು ಚೆಂಡಿನ ಹಾಗೆ ಸುತ್ತಿಕೊಂಡು ಮಲಗಿತ್ತು. ಹೆಬ್ಬಾವಿನ ಕಡೆಯದು, ವಿಷವಿಲ್ಲ. ಹೆಸರು ಬಸ್ಬೂಸಾ. ಅದು ಅವರಲ್ಲಿ ರವೆಯಿಂದ ಮಾಡುವ ಒಂದು ಸಿಹಿತಿಂಡಿ. ನೋಡಿಕೊಳ್ಳುತ್ತೇವೆ ಎಂದು ಒಪ್ಪಿದ್ದು ಲತೀಶನ ಮಗಳು ಅಪೇಕ್ಷಾ. ಮನೆಯಲ್ಲಿ ಕೇಳಿರಲಿಲ್ಲ.

ಹೆಂಡತಿ ಆಶಾಲತಾ ಕಿರುಚಿಯಾಳು ಎಂದು ಲತೀಶ ಕಾದ. ಅವಳು ಪೆಟ್ಟಿಗೆಯ ಮುಂದೆ ನಿಂತು ಕೈಮುಗಿದಳು. ಕಾರ್ಕಳದ ಅವಳ ತವರಿನಲ್ಲಿ ನಾಗಬನ ಉಂಟು.

"ಹಾವು ಅಂತ ಹೇಳಬೇಡಿ. ನಾಗ ಮನೆಯಲ್ಲಿರುವಾಗ ಮೀನು ಬೇಯಿಸಲಿಕ್ಕಿಲ್ಲ."

"ಎಷ್ಟು ದಿನ?"

"ಅವರು ಬರುವವರೆಗೆ."

ಫ್ರೀಜರಿನಲ್ಲಿದ್ದ ಅಂಜಲ್, ಬಂಗುಡೆ ಎಲ್ಲ ಹಿಂದಿನ ಮನೆಯ ಲಾಯ್ಡನ ಪಾಲಾಯಿತು. ಖಾಲಿಯಾದ ಜಾಗದಲ್ಲಿ ಅಪೇಕ್ಷಾ ಒಂದು ಪೊಟ್ಟಣ ತುರುಕುತ್ತಿದ್ದಳು.

"ಅದೆಂತ?" ಎಂದು ಆಶಾಲತಾ ಕೇಳಿದಳು.

"ಮೈಸ್, ಅಮ್ಮಾ. ಫ್ರೋಜನ್. ಇಟ್ಸ್ ಹಿಸ್ ಫುಡ್."

ಆಶಾಲತಾ ಫ್ರೀಜರಿನೊಳಗೆ ಬಗ್ಗಿ ನೋಡಿದಳು. ಆಮೇಲೆ, "ತೆಂಗಿನಕಾಯಿ ತುರಿಯ ಪಕ್ಕ ಇಡಬೇಡ," ಎಂದಳು.

ಲತೀಶನಿಗೆ ತಡೆಯಲಾಗಲಿಲ್ಲ. "ಅವನಿಗೆ ಇಲಿ ಆಗ್ತದೆ, ನನಗೆ ಬಂಗುಡೆ ಆಗುವುದಿಲ್ವಾ?"

"ಅವನು ದೇವರು. ನೀವು ದೇವರಾ?"



ಮರುದಿನ ಆಶಾಲತಾ ಬಟ್ಟಲಲ್ಲಿ ಹಾಲಿಟ್ಟಳು. ಬಸ್ಬೂಸಾ ಅದರೊಳಗೆ ಇಳಿದು ಮೈಯೆಲ್ಲ ಒದ್ದೆ ಮಾಡಿಕೊಂಡು ಆಚೆ ಬದಿಯಿಂದ ಹತ್ತಿ ಹೋದ, ಒಂದು ಗುಟುಕೂ ಕುಡಿಯಲಿಲ್ಲ. ಹಾಲ್ ಪೂರ್ತಿ ಹುಳಿ ವಾಸನೆ. ಅದನ್ನು ತೊಳೆದು ಮುಗಿಸುವಷ್ಟರಲ್ಲಿ ಹೊಸ ಗಾಬರಿ ಶುರುವಾಯಿತು. ಅವನ ಬಣ್ಣ ಮಂಕಾಯಿತು. ಕರಿಮಣಿಯಂಥ ಕಣ್ಣುಗಳಿಗೆ ನೀಲಿ ಮಿಶ್ರಿತ ಹಾಲುಬಣ್ಣ ಬಂತು. ಅಪೇಕ್ಷಾ ಮುಂದೆ ಹಿಡಿದ ಇಲಿಗೆ ಅವನು ಮುಖ ತಿರುಗಿಸಿದ.

ಲತೀಶ ಡ್ಯೂಟಿಯಿಂದ ಬಂದು ಶೂ ಬಿಚ್ಚುತ್ತಿದ್ದ. ಆಶಾಲತಾ ಎದುರು ಬಂದು ನಿಂತಳು.

"ಸತ್ಯ ಹೇಳಿ. ಹೊರಗೆ ಎಂತ ತಿಂದಿರಿ?"

"ಎಂತ ಇಲ್ಲ. ಮೆಸ್ಸಿನಲ್ಲಿ ಒಂದು ಫಿಶ್ ಫ್ರೈ."

"ಒಂದಾ?"

"ಎರಡು."

"ಎರಡು ಕಣ್ಣೂ ಹೋಯಿತು ನೋಡಿ."

ಲತೀಶ ನಂಬಲಿಲ್ಲ, ಆದರೆ ಪೆಟ್ಟಿಗೆಯ ಕಡೆ ನೋಡುವ ಧೈರ್ಯವೂ ಆಗಲಿಲ್ಲ. ಬೇರೆಯವರ ಮಗಳು ನಂಬಿ ಬಿಟ್ಟುಹೋದ ಜೀವ. ಬಸ್ಬೂಸಾನನ್ನು ದಿಂಬಿನ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಪ್ರಾಣಿಗಳ ಕ್ಲಿನಿಕ್ಕಿಗೆ ಹೊರಟರು. ನಾಗನಿಗೆ ಥಂಡಿ ಆಗದು ಎಂದು ಆಶಾಲತಾ ಕಾರಿನ ಎಸಿ ಆಫ್ ಮಾಡಿಸಿದಳು. ಜುಲೈ ತಿಂಗಳ ಕುವೈತಿನ ಬಿಸಿಲಿನಲ್ಲಿ ಮೂವರೂ ಬೆವರಲ್ಲಿ ಮಿಂದರು. ಕ್ಲಿನಿಕ್ಕಿನ ಬಾಗಿಲಲ್ಲಿ ಲತೀಶನನ್ನು ಕಂಡ ನರ್ಸ್, ರೋಗಿ ಅವನೇ ಎಂದುಕೊಂಡು ಕುರ್ಚಿ ಎಳೆದುಕೊಟ್ಟಳು.

ಡಾಕ್ಟರ್ ಸ್ಯಾಮುವೆಲ್ ಉಡುಪಿ ಕಡೆಯವರು. ಹಾವನ್ನು ಕೈಮೇಲೆ ಹರಿಯಬಿಟ್ಟು, ಬಾಯಿ ತೆರೆಸಿ ನೋಡಿ, ಹೊಟ್ಟೆ ಸವರಿದರು.

"ಕಣ್ಣು ಪೂರ್ತಿ ಹೋಗಿದೆಯಾ ಡಾಕ್ಟ್ರೇ? ರೆಪ್ಪೆ ಕೂಡ ಮುಚ್ಚುವುದಿಲ್ಲ," ಎಂದಳು ಆಶಾಲತಾ.

"ರೆಪ್ಪೆ ಇದ್ದರಲ್ವಾ ಅಮ್ಮ ಮುಚ್ಚುವುದು. ಹಾವಿಗೆ ಕಣ್ಣಿನ ಮೇಲೆ ಗಾಜಿನಂಥ ಒಂದು ಪೊರೆ ಮಾತ್ರ. ಚರ್ಮದ ಜೊತೆ ಅದೂ ಕಳಚುತ್ತದೆ. ಕಳಚುವ ಮೊದಲು ಹೀಗೆ ಮಸುಕಾಗುತ್ತದೆ, ಊಟವೂ ಸೇರುವುದಿಲ್ಲ. ಇವನು ಪೊರೆ ಬಿಡ್ತಾನೆ, ಅಷ್ಟೇ." ಮತ್ತೆ ಮೂಸಿ ನೋಡಿ, "ಹಾಲು ಕೊಟ್ರಾ?" ಎಂದರು.

"ಸ್ವಲ್ಪ."

"ನೀರು ಸಾಕು. ಎಸಿ ಗಾಳಿಗೆ ಚರ್ಮ ಒಣಗಿದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಪಾಚಿ ಒದ್ದೆ ಮಾಡಿ ಹಾಕಿದ ಒಂದು ಡಬ್ಬಿ ಒಳಗಿಡಿ, ಹೋಗಿ ಕೂರ್ತಾನೆ. ನೀವಾಗಿ ಪೊರೆ ಎಳೆಯಬೇಡಿ."

"ಮೀನಿನಿಂದ ಹೀಗೆ ಆಗ್ತದಾ?"

"ಈ ಜಾತಿ ಮೀನು ತಿನ್ನುವುದಿಲ್ಲ."

"ಇವನಲ್ಲ. ಇವರು."

ಡಾಕ್ಟರು ಬೆವರಿ ಕೂತಿದ್ದ ಲತೀಶನನ್ನು ಒಮ್ಮೆ ನೋಡಿದರು. "ಇವರು ತಿಂದರೆ ಹಾವಿಗೆ ತೊಂದರೆ ಇಲ್ಲ," ಎಂದರು. ಆ ಕ್ಷಣ ಲತೀಶನಿಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು.

ಐಸ್‌ಕ್ರೀಮಿನ ಡಬ್ಬಿಗೆ ತೂತು ಕೊರೆದು ಪಾಚಿ ತುಂಬಿದರು. ಇಸ್ತ್ರಿಗೆಂದು ಇಟ್ಟಿದ್ದ ಸ್ಪ್ರೇ ಬಾಟಲಿಯಿಂದ ಆಶಾಲತಾ ಆಗಾಗ ನೀರು ಸಿಂಪಡಿಸಿದಳು. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಬಸ್ಬೂಸಾ ಹೊಸ ರೇಷ್ಮೆಯ ಹಾಗೆ ಹೊಳೆಯುತ್ತ ಮಲಗಿದ್ದ. ಪೊರೆ ಕಾಲುಚೀಲದಂತೆ ಮಗುಚಿಕೊಂಡು ಪಕ್ಕದಲ್ಲಿತ್ತು. ಅಮ್ಮ, ಮಗಳು ಅದನ್ನು ಪೇಪರಿನ ಮೇಲೆ ಹರಡಿ, ತಲೆಗೆ ತಲೆ ತಾಗಿಸಿ ಹುಡುಕಿದರು. ಕಣ್ಣಿನ ಪೊರೆ ಕಳಚದೆ ಕಣ್ಣಿನ ಮೇಲೇ ಉಳಿದುಬಿಟ್ಟರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು.

"ಅಮ್ಮಾ, ಎರಡೂ ಉಂಟು," ಎಂದಳು ಅಪೇಕ್ಷಾ. ಅವಳ ಬಾಯಿಂದ ಇಂಗ್ಲಿಷ್ ಇಲ್ಲದ ಒಂದು ವಾಕ್ಯ ಕೇಳಿ ಬಹಳ ಕಾಲವಾಗಿತ್ತು. 

ಅಪೇಕ್ಷಾ ಟ್ಯೂಷನ್ನಿಗೆ ಹೋದಾಗ ಆಶಾಲತಾ ತಾನೇ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ ಪೆಟ್ಟಿಗೆಯೊಳಗೆ ಚಾಚಿದಳು. ಟಪ್ ಎಂದಿತು. ನೋಡಿದರೆ ಅವಳು ನೆಲದ ಮೇಲೆ ಕೂತಿದ್ದಳು, ಇಕ್ಕಳ ಖಾಲಿ. ಗಂಡನಿಗೆ ಫೋನು ಮಾಡಿದಳು.

"ಉಂಡ," ಎಂದಳು. "ಬರುವಾಗ ಬಂಗುಡೆ ತನ್ನಿ."

ರಜೆ ಮುಗಿಸಿ ಬಂದ ಹನಾನಳಿಗೆ, ಉಂಡ ಮೇಲೆ ಅವನನ್ನು ಎತ್ತಬಾರದು, ಪಾಚಿ ಒಣಗಬಾರದು ಎಂದೆಲ್ಲ ತನಗೆ ಬಂದ ಇಂಗ್ಲಿಷಿನಲ್ಲಿ ಆಶಾಲತಾ ಪಾಠ ಮಾಡಿದಳು. ಹುಡುಗಿ ವಿನಯದಿಂದ ತಲೆಯಾಡಿಸಿ ಪೆಟ್ಟಿಗೆ ಒಯ್ದಳು.

ಸಂಜೆ ಲತೀಶ ಬಂದಾಗ ಹೆಂಡತಿ ಹಾಲ್‌ನ ಖಾಲಿ ಮೂಲೆ ನೋಡುತ್ತ ಕೂತಿದ್ದಳು.

"ಬೇಜಾರಾ?"

"ಎಂತದ್ದು ಬೇಜಾರು. ಗುಡಿಸಬೇಕಿತ್ತು, ನೋಡ್ತಿದ್ದೆ," ಎಂದು ಎದ್ದಳು. ಪೊರಕೆಯ ಕಡೆ ಹೋಗಲಿಲ್ಲ, ಚಪ್ಪಲಿ ಮೆಟ್ಟಿದಳು. "ಆಚೆಯವರು ಎಸಿ ಎಷ್ಟಕ್ಕೆ ಇಟ್ಟಿದ್ದಾರೋ, ಒಮ್ಮೆ ನೋಡಿ ಬರ್ತೇನೆ."