ಕೋಲು ಎತ್ತಿ ನಿಂತವನ ತೂಕ

ನಾನು ಒಂದು ತೂಕದ ಯಂತ್ರ. ಹುಬ್ಬಳ್ಳಿಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಬೆಂಕಿ, ಸುತ್ತಿಗೆ, ಮೇಸ್ತ್ರಿಯ ಬೈಗುಳ ಮೂರನ್ನೂ ತಿಂದು ಹುಟ್ಟಿದೆ. ನಿಲ್ಲಲು ಅಗಲವಾದ ಹಲಗೆ, ಮುಂದೊಂದು ಕಂಬ, ಅದರ ತುದಿಗೆ ದುಂಡು ಮುಖ, ಮುಖದಲ್ಲೊಂದು ಮುಳ್ಳು. ರೂಪದ ಬಗ್ಗೆ ನನಗೆ ಅಹಂಕಾರವಿಲ್ಲ; ಮುಳ್ಳಿನ ಬಗ್ಗೆ ಸ್ವಲ್ಪ ಇದೆ.

ಮೊದಲು ನಾನಿದ್ದದ್ದು ಬ್ಯಾಡಗಿ ಕಡೆಯ ಒಂದು ಮೆಣಸಿನಕಾಯಿ ಅಂಗಡಿಯಲ್ಲಿ. ತೂಗುವವನು ಗುಡ್ಡಪ್ಪ. ದಿನವಿಡೀ ಘಾಟು, ಅವನು ಸೀನಿದಾಗಲೆಲ್ಲ ನನ್ನ ಮುಳ್ಳು ನಡುಗುತ್ತಿತ್ತು. ಚೀಲ ಹಗುರವಾಗಿ ತೋರಲೆಂದು ಕೊಳ್ಳಲು ಬಂದ ಕೆಲವರು ಅದರ ಅಡಿಗೆ ಮೆಲ್ಲಗೆ ಕೋಲು ಕೊಟ್ಟು ಎತ್ತಿ ಹಿಡಿಯುತ್ತಿದ್ದರು. ಅಂಥದ್ದು ಗುಡ್ಡಪ್ಪನ ಕಣ್ಣು ತಪ್ಪುತ್ತಿರಲಿಲ್ಲ. ಶಾಲೆ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿದ್ದ ಮಗಳು ನೀಲಾಂಬಿಕೆಗೂ ಅದನ್ನೇ ಕಲಿಸಿದ್ದ: ಮುಳ್ಳು ನೋಡುವ ಮೊದಲು ನೆಲ ನೋಡಬೇಕು.

ಆ ಹುಡುಗಿ ನೆಲ ಬಿಟ್ಟು ಆಕಾಶ ಹಿಡಿದಳು. ಓದಿ ಪೈಲಟ್ ಆಗಿ, ಹಂಪಿಯ ಹತ್ತಿರ ಪ್ರವಾಸಿಗರಿಗೆ ಮೇಲಿನಿಂದ ಗುಡಿ, ಗುಂಡುಕಲ್ಲು, ಹೊಳೆ ತೋರಿಸುವ ಒಂದು ಪುಟ್ಟ ವಿಮಾನ ಕಂಪನಿ ಸೇರಿದಳು. ಅಂಗಡಿಗೆ ಹೊಸ ಯಂತ್ರ ಬಂದಾಗ ನನ್ನನ್ನು ಗುಜರಿಗೆ ಬಿಡದೆ ಅಲ್ಲಿಗೆ ತರಿಸಿಕೊಂಡವಳೂ ಅವಳೇ. ಪುಟ್ಟ ವಿಮಾನಕ್ಕೆ ಮನುಷ್ಯರನ್ನೂ ತೂಗಿಯೇ ಹತ್ತಿಸಬೇಕು. ಭಾರ ಮೀರಿದರೆ ಅಪಾಯ. ಜನ ಚಪ್ಪಲಿ ಬಿಟ್ಟು, ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತುತ್ತಿದ್ದರು. ತುಲಾಭಾರವೆಂದುಕೊಂಡವರೂ ಉಂಟು. ಹೊಟ್ಟೆ ಒಳಗೆಳೆದುಕೊಂಡರೆ ತೂಕ ಇಳಿಯುತ್ತದೆಂದು ನಂಬಿದವರಿಗಂತೂ ಲೆಕ್ಕವಿಲ್ಲ. ನೀಲಾ ತಾನೂ ತೂಗಿಸಿಕೊಂಡೇ ಹಾರುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಗುಡ್ಡಪ್ಪ ಬಂದ. ಮಗಳು ಹಾರಿಸುವ ವಿಮಾನದಲ್ಲಿ ಒಮ್ಮೆಯಾದರೂ ಕೂರಬೇಕೆಂಬುದು ಅವನ ಬಹುದಿನದ ಆಸೆ. ಹೊಸ ಧೋತರ, ತಲೆಗೆ ಪಟಗ, ಮೊಣಕಾಲು ನೋವಿಗೊಂದು ಊರುಗೋಲು. ಅಷ್ಟರಲ್ಲಿ ಮೂವರು ಪ್ರವಾಸಿಗರು ತೂಗಿಸಿಕೊಂಡಾಗಿತ್ತು. ಮೂವರೂ ಚೆನ್ನಾಗಿ ಉಂಡು ಬೆಳೆದವರು. ಬಿಸಿಲೇರಿದಂತೆ ಗಾಳಿ ತೆಳುವಾಗಿ, ವಿಮಾನ ಹೊರುವ ಭಾರ ಕಡಿಮೆ. ಅಪ್ಪನಿಗೆ ಜಾಗ ಸಿಗುವುದು ಕಷ್ಟವೆಂದು ನೀಲಾ ಜೊತೆಯವರಿಗೆ ಹೇಳಿದ್ದು ಗುಡ್ಡಪ್ಪನ ಕಿವಿಗೆ ಬಿತ್ತು. ಅವನು ನನ್ನ ಮೇಲೆ ಹತ್ತಿದ. ಕೋಲನ್ನು ಮಾತ್ರ ಹಲಗೆಯ ಆಚೆ ನೆಲಕ್ಕೂರಿ, ಆದಷ್ಟು ಭಾರ ಅದರ ಮೇಲೆ ಬಿಟ್ಟ.

ನನ್ನ ಹಳೆಯ ಗೆಳೆಯ ನನ್ನ ಮೇಲೆಯೇ ನಿಂತು ಕಳ್ಳತೂಕ ಮಾಡುತ್ತಿದ್ದ. ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಅವನಿಗೆ ಬೇಕಾದಲ್ಲೇ ಮುಳ್ಳು ಬಂದು ನಿಂತಿತ್ತು. ಆದರೆ ನೀಲಾ ಮೊದಲು ನೆಲ ನೋಡಿದಳು.

"ಅಪ್ಪಾ, ಕೋಲು ಎತ್ತು," ಎಂದಳು ಮೆಲ್ಲಗೆ.

ಎತ್ತಿದ. ಮುಳ್ಳು ಜಿಗಿಯಿತು. ಗುಡ್ಡಪ್ಪ ತಲೆ ತಗ್ಗಿಸಿಕೊಂಡು ಇಳಿದ. ಸ್ವಲ್ಪ ಹೊತ್ತಿಗೆ ಅವನಿಗೇ ನಗು ಬಂತು.

"ನಾ ಕಲಿಸಿದ್ದು ನನಗ ತಿರುಗಿ ಬಂತಲ್ಲ ಯವ್ವಾ. ನೀ ಹೋಗಿ ಬಾ."

ವಿಮಾನ ಹೋಗಿ ಬರುವವರೆಗೂ ಅವನು ನನ್ನ ಹಲಗೆಯ ಮೇಲೆಯೇ ಕುಳಿತು, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದ. ಅಷ್ಟು ಭಾರದ ಗುಡ್ಡಪ್ಪನನ್ನು ನಾನು ಎಂದೂ ಹೊತ್ತಿರಲಿಲ್ಲ.

ಮರುದಿನ ಬೆಳಗಿನ ತಂಪಿನಲ್ಲಿ ಇಬ್ಬರೇ ಪ್ರವಾಸಿಗರಿದ್ದರು. ನೀಲಾ ಅಪ್ಪನನ್ನು ಕರೆದಳು. ಅವನು ಕೋಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ನನ್ನ ಮೇಲೆ ನಿಂತ. ಎಲ್ಲರೂ ನಕ್ಕರು. ಅವನು ಹಾರಿದ.

ಇಳಿದವನು ನೆಟ್ಟಗೆ ನನ್ನ ಬಳಿಗೇ ಬಂದು ಮತ್ತೆ ಹಾಗೆಯೇ ನಿಂತ.

"ಹಗುರ ಆಗೇನಿ ನೋಡು," ಎಂದ ಮಗಳಿಗೆ.

ಈಗ ಇಲ್ಲಿಗೂ ಅಂಕಿ ಮಿನುಗುವ ಹೊಸ ಯಂತ್ರ ಬಂದಿದೆ. ನಾನು ವಿಮಾನದ ಶೆಡ್ಡಿನ ಮೂಲೆಯಲ್ಲಿ ಹಳೆಯ ಟೈರುಗಳ ಪಕ್ಕ ನೆಮ್ಮದಿಯಾಗಿದ್ದೇನೆ. ಗುಡ್ಡಪ್ಪ ಬಂದಾಗಲೆಲ್ಲ ಹೊಸದನ್ನು ದಾಟಿ ಬಂದು, ಕೋಲೆತ್ತಿ ನನ್ನ ಮೇಲೆಯೇ ನಿಲ್ಲುತ್ತಾನೆ. ಅವನು ಹಾರಿ ಇಳಿದ ಆ ದಿನ ಮುಳ್ಳು ಮೊದಲಿದ್ದಲ್ಲೇ ನಿಂತಿತ್ತು, ಕೂದಲೆಳೆಯಷ್ಟೂ ಸರಿದಿರಲಿಲ್ಲ. ಇಡೀ ಜನ್ಮದಲ್ಲಿ ಒಂದು ಸುಳ್ಳು ಹೇಳಬೇಕೆಂದು ನನಗೆ ಆಸೆಯಾದದ್ದು ಆಗ ಮಾತ್ರ.